ಚೋರಡಿ ದಾಟುತ್ತೆ, ಆನಂದಪುರ ಮುಟ್ಟಲ್ಲ

ರಟ್ಟಿಲ್ಲ ಪುಸ್ತಕಕ್ಕೆ. ಬರೆದವರು ಯಾರೋ.
ಸಾಗರದಲ್ಲಿ ಬಸ್ಸು ತೊಳೆಯುವಾಗ ಸೀಟಿನ ಕೆಳಗೆ ಸಿಕ್ಕಿತು.
ಮೂರು ತಿಂಗಳು ಇಟ್ಟುಕೊಂಡೆ, ಕೇಳಿಕೊಂಡು ಯಾರೂ ಬರಲಿಲ್ಲ.
ಆಮೇಲೆ ಓದಿದೆ.

ಊರಿನ ಹೆಸರು ಮುತ್ತಲಪೇಟೆ.
ಇನ್ನೂರ ಎಂಟನೇ ಪುಟದಲ್ಲಿ ಹೊಲಿಗೆ ಮೇಡಂ ನೀಲಾವತಿ
ಮಿಷನ್ನಿನ ತಲೆಯನ್ನು ದುಪ್ಪಟಿಯಲ್ಲಿ ಸುತ್ತಿ
ಸೊಂಟಕ್ಕಾನಿಸಿಕೊಂಡು ಬಸ್ಸಿಗೆ ಕಾಯುತ್ತಾಳೆ.
ದೂರದಲ್ಲಿ ಧೂಳು ಕಾಣುತ್ತದೆ.
ಅಲ್ಲಿಂದ ಮುಂದೆ ಗೆದ್ದಲು ತಿಂದಿದೆ.

ಹತ್ತಿದಳೋ, ಇಲ್ಲವೋ?
ಊರು ಎಲ್ಲಿದೆ ಅಂತ ಗೊತ್ತಾದರೆ
ಇಳಿದು ಯಾರನ್ನಾದರೂ ಕೇಳಬಹುದಿತ್ತು.
ನಗಬೇಡಿ. ಇಪ್ಪತ್ತಾರು ವರ್ಷ ಜನರನ್ನು ಎಣಿಸಿದವನು ನಾನು,
ಒಂದು ತಲೆ ಲೆಕ್ಕಕ್ಕೆ ಸಿಗದಿದ್ದರೆ ಊಟ ಸೇರುವುದಿಲ್ಲ.

ರಾತ್ರಿ ಅಲ್ಲಿಗೆ ರೈಲಿನ ಕೂಗು ಕೇಳುತ್ತದಂತೆ.
ಹಾಗಾದರೆ ತೀರ್ಥಹಳ್ಳಿ ರಸ್ತೆ ಬಿಡಿ, ಅಲ್ಲಿ ರೈಲೇ ಇಲ್ಲ.
ಬೆಳಗಿನ ಜಾವ ಹೊನ್ನಾವರದ ಮೀನಿನ ಲಾರಿ
ನೀರು ಸುರಿಸಿಕೊಂಡು ಹೋಗುತ್ತದೆ, ನಾಯಿಗಳು ಟಾರು ನೆಕ್ಕುತ್ತವೆ.
ಇದು ನಮ್ಮದೇ ರಸ್ತೆ.
ಹೊಳೆ ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ.
ಬರೆದವನಿಗೆ ತಲೆ ಸರಿ ಇಲ್ಲ ಅಂದ ಡ್ರೈವರ್ ಜೋಕಿಂ.
ಅವನು ಮುಂದೆ ನೋಡಿ ಕೂರುವವನು.
ಜನರ ಕಡೆ ಮುಖ ಮಾಡಿ ನಿಲ್ಲುವ ನನಗೆ ದಿನವೂ ಎಡವೇ ಬಲ.
ಬರೆದವನೂ ಕಂಡಕ್ಟರೇ ಇರಬಹುದು
ಅಂತ ಅವತ್ತು ಮೊದಲ ಸಲ ಅನಿಸಿತು.

ಅಲ್ಲಿನ ಕ್ಷೌರದವನು ‘ಏನ್ರೀ’ ಅನ್ನುತ್ತಾನೆ,
ಹೋಟೆಲಿನ ಭಟ್ಟರು ‘ಎಂತದು’ ಅನ್ನುತ್ತಾರೆ,
ನೀಲಾವತಿ ಒಂದೇ ಪುಟದಲ್ಲಿ ಎರಡನ್ನೂ.
ನಾನು ಕಂಡಂತೆ ಆಯನೂರಲ್ಲಿ ಹತ್ತುವವರದು ‘ಏನು’,
ಆನಂದಪುರದಲ್ಲಿ ಹತ್ತುವವರದು ‘ಎಂತ’.
ಯಾವ ಕಲ್ಲಿನ ಹತ್ತಿರ ಬಾಯಿ ಬದಲಾಗುತ್ತದೆ ಅಂತ
ಒಂದು ತಿಂಗಳು ಚಿಲ್ಲರೆ ಕೊಡುತ್ತಾ ಕಿವಿಗೊಟ್ಟೆ.
ಕುಂಸಿಯಲ್ಲಿ ಒಬ್ಬ. ಚೋರಡಿಯಲ್ಲಿ ಇಬ್ಬರು,
ಅದರಲ್ಲೊಬ್ಬಳು ಸಾಗರದಿಂದ ಬಂದ ಸೊಸೆ, ಅವಳನ್ನು ಬಿಟ್ಟೆ.

ಕೊನೆಗೆ ಟಿಕೆಟ್ಟು. ಶಿವಮೊಗ್ಗದಿಂದ ಒಂದು ರೂಪಾಯಿ ನಲವತ್ತು ಪೈಸೆ.
ಹಾಲೇಶಪ್ಪನ ಮನೆಗೆ ಹೋದೆ. ಎಂಬತ್ತೆರಡು ವಯಸ್ಸು, ಕಣ್ಣು ಮಂಜು,
ಅವನ ಕಾಲದ ದರಪಟ್ಟಿ ಮಾತ್ರ ಇನ್ನೂ ಬಾಯಲ್ಲೇ ಇದೆ.
‘ಒಂದು ನಲವತ್ತಾ?’ ಬೆರಳು ಮಡಚಿದ, ಬಿಚ್ಚಿದ.
‘ಚೋರಡಿ ದಾಟುತ್ತೆ. ಆನಂದಪುರ ಮುಟ್ಟಲ್ಲ.’

ನಡುವೆ ಏನಿದೆ?
ಸಾಗುವಾನಿ ನೆಡುತೋಪು, ಒಂದು ಮೋರಿ,
ಅಕ್ಷರ ಅಳಿಸಿಹೋದ ಕಲ್ಲು,
ಕಲ್ಲಿನ ಮೇಲೆ ಯಾರೋ ಒಣಹಾಕಿದ ಟವೆಲು.

ಸಂಜೆ ಟ್ರಿಪ್ಪಿನಲ್ಲಿ ಅಲ್ಲಿ ‘ಹೋಲ್ಡಾನ್’ ಅಂದೆ.
‘ಯಾರು ಇಳಿಯೋದು?’ ಕೇಳಿದ ಜೋಕಿಂ.
ಬಾಗಿಲು ತೆಗೆದು ಹತ್ತು ಎಣಿಸಿದೆ. ರೈಟ್.
ಮಾರನೇ ದಿನವೂ. ಅದರಾಚೆ ದಿನವೂ.
ಜನ ಬೈದರು, ನನ್ನನ್ನಲ್ಲ, ಎಂಜಿನ್ನನ್ನು.

ಎರಡು ವಾರ ಕಳೆದಿರಬೇಕು.
ಕಲ್ಲಿನ ಹತ್ತಿರ ಒಬ್ಬ ಹುಡುಗ, ಕೈಯಲ್ಲಿ ಮೆಗ್ಗಾನ್ ಆಸ್ಪತ್ರೆಯ ಚೀಟಿ,
ಹಿಂದೆ ಅವನ ಅಜ್ಜಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬರುತ್ತಾ.
‘ಇಲ್ಲಿ ನಿಲ್ಲಿಸ್ತಾರೆ ಅಂದ್ರು.’
ಹತ್ತಿಸಿಕೊಂಡೆ. ಒಂದೂವರೆ ಟಿಕೆಟ್ಟು.
ಎಲ್ಲಿಂದ ಅಂತ ಬರೆಯಲಿ? ಸ್ಟೇಜಿನ ಪಟ್ಟಿಯಲ್ಲಿ ಇಲ್ಲ.
ಆನಂದಪುರದಿಂದ ಅಂತ ಬರೆದು
ಹೆಚ್ಚಾದ ಏಳು ರೂಪಾಯಿ ನಾನೇ ಹಾಕಿದೆ.

ಅಜ್ಜಿ ಕಂಬಿ ಹಿಡಿದು ಉಸಿರು ಬಿಟ್ಟಳು:
‘ಏನ್ ಬಸ್ಸಪ್ಪ ಇದು, ಎಂತ ರಷ್ಷು ಮಾರಾಯಾ.’

ಅಜ್ಜೀ, ಮಿಷನ್ ಹಿಡಿದುಕೊಂಡು ಒಬ್ಬರು ಇಲ್ಲಿ,
ಅಂತ ಬಾಯಿ ತೆರೆದೆ.
ಹಿಂದಿನ ಸೀಟಿನಿಂದ ಯಾರೋ
ಐನೂರರ ನೋಟು ಚಾಚಿದರು.